ರೀಚಾರ್ಜ್ ಮಾಡಿದ ದುಡ್ಡು ಎಲ್ಲಿ ಹೋಗುತ್ತೆ? ಬ್ಯಾಲೆನ್ಸ್, ಡೇಟಾ, ವ್ಯಾಲಿಡಿಟಿಯ ಒಳಲೆಕ್ಕ

ಇವತ್ತು ನೇರವಾಗಿ ಒಂದು ಲೆಕ್ಕದಿಂದಲೇ ಶುರು ಮಾಡೋಣ. ಪ್ರೀಪೇಯ್ಡ್ ಸಿಮ್‌ಗೆ ಹತ್ತು ರೂಪಾಯಿ ಟಾಪ್‌ಅಪ್ ಹಾಕಿದ್ರೆ ಖಾತೆಗೆ ಎಷ್ಟು ಬರುತ್ತೆ? 7 ರೂಪಾಯಿ 47 ಪೈಸೆ. ಇಪ್ಪತ್ತು ಹಾಕಿದ್ರೆ 14.95. ನೂರು ಹಾಕಿದ್ರೆ 81.75. ಈ ವಿಚಿತ್ರ ಪೈಸೆಗಳು ಎಲ್ಲಿಂದ ಬಂದ್ವು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀರಾ?

ಗುಟ್ಟೇನೂ ಇಲ್ಲ, ಎರಡೇ ಮೆಟ್ಟಿಲು. ಮೊದಲನೇದು ತೆರಿಗೆ. ನೀವು ಕೊಡೋ ಹತ್ತು ರೂಪಾಯಿಯಲ್ಲಿ ಶೇ 18ರಷ್ಟು ಜಿಎಸ್‌ಟಿ ಸೇರಿದೆ. ಅದನ್ನ ತೆಗೆದ್ರೆ ಉಳಿಯೋದು 8.47. ಎರಡನೇದು ಪ್ರಕ್ರಿಯಾ ಶುಲ್ಕ, ಅಂದ್ರೆ ಪ್ರೊಸೆಸಿಂಗ್ ಫೀ. ವೋಚರ್ ಬೆಲೆಯ ಶೇ 10 ಅಥವಾ 3 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನ ಮಾತ್ರ ಕಂಪನಿ ಹಿಡ್ಕೋಬಹುದು ಅನ್ನೋದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದ್ರೆ ಟ್ರಾಯ್ ಹಾಕಿರೋ ಮಿತಿ. ಹತ್ತರ ಮೇಲೆ ಒಂದು ರೂಪಾಯಿ. 8.47ರಲ್ಲಿ ಒಂದು ಕಳೆದ್ರೆ 7.47. ನೂರಕ್ಕೂ ಇದೇ ಲೆಕ್ಕ: ತೆರಿಗೆ ಹೋಗಿ 84.75, ಅದರಲ್ಲಿ 3 ಕಳೆದ್ರೆ 81.75.

ಇದು ದುಡ್ಡು ಖಾತೆಗೆ ಸೇರೋ ಹೊತ್ತಿನ ಕತೆ. ಸೇರಿದ ಮೇಲೆ ಅದು ಹೇಗೆ ಖರ್ಚಾಗುತ್ತೆ, ಖರ್ಚಾಗದೇ ಉಳಿದದ್ದು ಏನಾಗುತ್ತೆ, ಯಾವಾಗ ಮಾಯವಾಗುತ್ತೆ ಅನ್ನೋದು ಇವತ್ತಿನ ಸಂಚಿಕೆಯ ವಿಷಯ. ಕೊನೆಗೆ, ರೀಚಾರ್ಜ್ ಮಾಡದೇ ಬಿಟ್ಟ ಸಿಮ್ ಒಂದು ದಿನ ಇನ್ಯಾರದ್ದೋ ಕೈ ಸೇರೋದು ಹೇಗೆ ಅನ್ನೋದನ್ನೂ ನೋಡೋಣ. ಅಲ್ಲಿ ಹೋಗೋದು ಬರೀ ಬ್ಯಾಲೆನ್ಸ್ ಅಲ್ಲ.

ಒಂದು ಸಿಮ್, ಮೂರು ಡಬ್ಬಿ

ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆಗೆ ಬೇರೆ ಬೇರೆ ಡಬ್ಬಿ ಇರುತ್ತಲ್ಲ, ಹಾಗೇ ನಿಮ್ಮ ಪ್ರೀಪೇಯ್ಡ್ ಖಾತೆಯಲ್ಲೂ ಮೂರು ಬೇರೆ ಬೇರೆ ಡಬ್ಬಿಗಳಿವೆ. ನಮ್ಮ ಗೊಂದಲಕ್ಕೆಲ್ಲ ಕಾರಣ ಅವನ್ನ ಒಂದೇ ಅಂದ್ಕೊಳ್ಳೋದು.

ಮೊದಲನೇ ಡಬ್ಬಿ ಮುಖ್ಯ ಬ್ಯಾಲೆನ್ಸ್. ಇದು ರೂಪಾಯಿ ಲೆಕ್ಕದಲ್ಲಿರೋ ದುಡ್ಡು. ಟಾಪ್‌ಅಪ್ ಹಾಕಿದ್ರೆ ಬರೋದು ಇಲ್ಲಿಗೆ. ಟ್ರಾಯ್‌ನ 2012ರ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಟಾಪ್‌ಅಪ್ ಮೂಲಕ ಬಂದ ದುಡ್ಡಿಗೆ ಅದರದ್ದೇ ಆದ ಕೊನೇ ದಿನಾಂಕ ಇರುವಂತಿಲ್ಲ.

ಎರಡನೇ ಡಬ್ಬಿ ಪ್ಯಾಕ್‌ನ ಸೌಲಭ್ಯಗಳು. ದಿನಕ್ಕೆ 1.5 ಜಿಬಿ, ಅನಿಯಮಿತ ಕರೆ, ದಿನಕ್ಕೆ 100 ಎಸ್‌ಎಂಎಸ್ ಅಂತ ಇರುತ್ತಲ್ಲ, ಅದು. ಇಲ್ಲಿರೋದು ದುಡ್ಡಲ್ಲ. ನೀವು ಆಗಲೇ ದುಡ್ಡು ಕೊಟ್ಟು ಕೊಂಡಿರೋ ಸೇವೆ, ಅದಕ್ಕೆ ಕೊನೇ ದಿನಾಂಕ ಇದೆ. 299 ರೂಪಾಯಿ ಪ್ಯಾಕ್ ಹಾಕಿಸಿದ್ರೆ ಮುಖ್ಯ ಬ್ಯಾಲೆನ್ಸ್‌ಗೆ ಒಂದು ಪೈಸೆಯೂ ಸೇರದೇ ಇರಬಹುದು. ಅದರಲ್ಲಿ 45 ರೂಪಾಯಿ 61 ಪೈಸೆ ತೆರಿಗೆ, ಉಳಿದದ್ದಕ್ಕೆ ಡೇಟಾ ಮತ್ತು ಕರೆ.

ಮೂರನೇ ಡಬ್ಬಿಯಲ್ಲಿರೋದು ದಿನಗಳು. ಸೇವಾ ಅವಧಿ, ನಮ್ಮ ಬಾಯಲ್ಲಿ ವ್ಯಾಲಿಡಿಟಿ. ನಿಮ್ಮ ನಂಬರ್ ಇಂಥ ತಾರೀಕಿನವರೆಗೆ ಕೆಲಸ ಮಾಡುತ್ತೆ ಅನ್ನೋದಷ್ಟೇ ಇದರ ಅರ್ಥ. ತಮಾಷೆ ನೋಡಿ, ಮೊದಲ ಡಬ್ಬಿಯಲ್ಲಿ 80 ರೂಪಾಯಿ ಇದ್ರೂ ಮೂರನೇ ಡಬ್ಬಿ ಖಾಲಿಯಾಗಿದ್ರೆ ಕರೆ ಹೋಗದೇ ಇರಬಹುದು. ದುಡ್ಡು ಅಲ್ಲೇ ಇರುತ್ತೆ, ಆದ್ರೆ ಬಾಗಿಲು ಹಾಕಿರುತ್ತೆ. ಇನ್ನೊಂದು ಪ್ಯಾಕ್ ಹಾಕಿಸಿದ ಮೇಲೆ ಬಾಗಿಲು ತೆರೆಯುತ್ತೆ. ‘ಬ್ಯಾಲೆನ್ಸ್ ಇದ್ರೂ ಕಾಲ್ ಹೋಗ್ತಿಲ್ಲ’ ಅನ್ನೋ ದೂರಿನ ಹಿಂದಿರೋದು ಸಾಮಾನ್ಯವಾಗಿ ಇದೇ.

ಯಾವ ಡಬ್ಬಿಗೆ ಮೊದಲು ಕೈ?

ನೀವು ಒಂದು ಕರೆ ಮಾಡಿದ್ರಿ ಅಂದ್ಕೊಳ್ಳಿ. ಕಂಪನಿಯ ಬಿಲ್ಲಿಂಗ್ ವ್ಯವಸ್ಥೆ ಮೊದಲು ನೋಡೋದು ಈ ಕರೆ ಪ್ಯಾಕ್‌ನೊಳಗೆ ಬರುತ್ತಾ ಅಂತ. ದೇಶದೊಳಗಿನ ಸಾಮಾನ್ಯ ಕರೆಯಾದ್ರೆ ಎರಡನೇ ಡಬ್ಬಿಯಿಂದಲೇ ಹೋಗುತ್ತೆ. ಪ್ಯಾಕ್‌ನಲ್ಲಿ ಇಲ್ಲದ ಕರೆಯಾದ್ರೆ, ಉದಾಹರಣೆಗೆ ದುಬೈನಲ್ಲಿರೋ ಅಣ್ಣನಿಗೆ ನೇರವಾಗಿ ಹಚ್ಚೋ ಐಎಸ್‌ಡಿ ಕರೆ, ಅಥವಾ ವಿಶೇಷ ದರ ಇರೋ ಕಿರು ಸಂಖ್ಯೆಗೆ ಕಳಿಸೋ ಎಸ್‌ಎಂಎಸ್, ಆಗ ಕೈ ಮೊದಲನೇ ಡಬ್ಬಿಗೆ ಹೋಗುತ್ತೆ. ಅಲ್ಲಿ ದುಡ್ಡಿಲ್ಲ ಅಂದ್ರೆ ಕರೆನೂ ಇಲ್ಲ.

ಇದೇ ಕಾರಣಕ್ಕೆ ಎಷ್ಟೋ ಜನರಿಗೆ ಹೊಸ ಫೋನ್‌ನಲ್ಲಿ ಯುಪಿಐ ಶುರು ಮಾಡೋಕೆ ಆಗೋದೇ ಇಲ್ಲ. ಯುಪಿಐ ಆ್ಯಪ್ ನೋಂದಣಿ ಆಗುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗೇ ಹೊರಗೆ ಹೋಗುತ್ತೆ. ಈ ನಂಬರ್ ನಿಜವಾಗಿಯೂ ಈ ಫೋನ್‌ನಲ್ಲೇ ಇದೆ ಅಂತ ಖಚಿತ ಮಾಡ್ಕೊಳ್ಳೋ ವಿಧಾನ ಅದು. ನಿಮ್ಮ ಪ್ಯಾಕ್‌ನಲ್ಲಿ ಎಸ್‌ಎಂಎಸ್ ಇಲ್ಲ, ಮುಖ್ಯ ಬ್ಯಾಲೆನ್ಸ್ ಸೊನ್ನೆ ಅಂದ್ರೆ ಆ ಎಸ್‌ಎಂಎಸ್ ಹೋಗಲ್ಲ. ಆ್ಯಪ್ ಮತ್ತೆ ಮತ್ತೆ ‘ವಿಫಲ’ ಅಂತಲೇ ತೋರಿಸುತ್ತೆ. ನಾವು ಬ್ಯಾಂಕನ್ನೋ ಆ್ಯಪನ್ನೋ ಬೈಕೊಂಡು ಕೂತಿರ್ತೀವಿ. ಹತ್ತು ರೂಪಾಯಿ ಟಾಪ್‌ಅಪ್ ಹಾಕಿದ್ರೆ ಮುಗಿದು ಹೋಗೋ ಕೆಲಸ ಅದು.

ಡೇಟಾದ ಸರದಿ ಹೇಗೆ? ಸಾಮಾನ್ಯವಾಗಿ ಮೊದಲು ಆ ದಿನದ ಕೋಟಾ. ಅದು ಮುಗಿದ ಮೇಲೆ, ನೀವು ಹೆಚ್ಚುವರಿ ಡೇಟಾ ವೋಚರ್ ಹಾಕಿಸಿದ್ರೆ ಅದು. ಅದೂ ಇಲ್ಲದಿದ್ರೆ ಎಷ್ಟೋ ಪ್ಲಾನ್‌ಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ. 64 ಕೆಬಿಪಿಎಸ್ ಅಂದ್ರೆ ಎಷ್ಟು ನಿಧಾನ? 5 ಎಂಬಿ ಇರೋ ಒಂದು ಫೋಟೊ ಇಳಿಯೋಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕು. ಹೆಸರಿಗೆ ‘ಅನಿಯಮಿತ’, ಕೈಗೆ ಸಿಗೋದು ಆಮೆಗತಿ.

ಮೊಬೈಲ್ ಡೇಟಾ ನಿಮಗೆ ಬೇಡವೇ ಬೇಡ ಅಂದ್ರೆ 1925 ಅನ್ನೋ ಉಚಿತ ಸಂಖ್ಯೆಯ ಮೂಲಕ ಅದನ್ನ ಪೂರ್ತಿ ನಿಲ್ಲಿಸಬಹುದು, ಬೇಕಾದಾಗ ಮತ್ತೆ ಶುರು ಮಾಡ್ಕೋಬಹುದು. ಹಾಗೇ, ಹಾಡು, ಆಟ, ಜ್ಯೋತಿಷ್ಯ ಅಂತ ನಿಮಗೆ ಗೊತ್ತಿಲ್ಲದೇ ಯಾವುದೋ ಸೇವೆ ಶುರುವಾಗಿ ಮುಖ್ಯ ಬ್ಯಾಲೆನ್ಸ್ ಕರಗ್ತಿದ್ರೆ, ಅದನ್ನ ನಿಲ್ಲಿಸೋಕೆ 155223 ಇದೆ. ಫೋನ್ ಜಾಸ್ತಿ ಬಳಸದ ಹಿರಿಯರ ಸಿಮ್‌ನಲ್ಲಿ ಇದನ್ನೊಮ್ಮೆ ನೋಡಿ.

ಮಧ್ಯರಾತ್ರಿ ಹನ್ನೆರಡಕ್ಕೆ ಏನಾಗುತ್ತೆ?

ದಿನಕ್ಕೆ 1.5 ಜಿಬಿ, 28 ದಿನ. ಒಟ್ಟು 42 ಜಿಬಿ. ಕೇಳೋಕೆ ಭರ್ಜರಿ. ಆದ್ರೆ ಇದು 42 ಜಿಬಿಯ ಒಂದು ದೊಡ್ಡ ಟ್ಯಾಂಕ್ ಅಲ್ಲ. 28 ಸಣ್ಣ ಬಿಂದಿಗೆಗಳು. ಪ್ರತಿ ರಾತ್ರಿ ಹನ್ನೆರಡಕ್ಕೆ ಆ ದಿನದ ಬಿಂದಿಗೆಯಲ್ಲಿ ಉಳಿದ ನೀರನ್ನ ಚೆಲ್ಲಿ, ಹೊಸದನ್ನ ತುಂಬಿಸಿ ಇಡ್ತಾರೆ.

ಮನೆಯಲ್ಲಿ, ಹಾಸ್ಟೆಲ್‌ನಲ್ಲಿ ವೈಫೈ ಇರೋರು ಮೊಬೈಲ್ ಡೇಟಾ ದಿನಕ್ಕೆ ಸುಮಾರು 1 ಜಿಬಿ ಬಳಸ್ತಾರೆ ಅಂತಿಟ್ಕೊಳ್ಳಿ. ದಿನಕ್ಕೆ ಅರ್ಧ ಜಿಬಿ ಉಳೀತು. 28 ದಿನಕ್ಕೆ 14 ಜಿಬಿ. ಅಂದ್ರೆ ಕೊಂಡದ್ದರಲ್ಲಿ ಮೂರನೇ ಒಂದು ಭಾಗ ಮುಟ್ಟದೇ ಹೋಯ್ತು. ಅದೇ ವ್ಯಕ್ತಿ ಭಾನುವಾರ ಮ್ಯಾಚ್ ನೋಡಿ 3 ಜಿಬಿ ಖರ್ಚು ಮಾಡಿದ್ರೆ? ಅವತ್ತು ಮತ್ತೆ ದುಡ್ಡು ಕೊಟ್ಟು ಹೆಚ್ಚುವರಿ ಡೇಟಾ ವೋಚರ್ ಹಾಕಿಸಬೇಕು. ಒಂದು ಕಡೆ ಚೆಲ್ಲಿದ್ದೇವೆ, ಇನ್ನೊಂದು ಕಡೆ ಕೊಳ್ತಾ ಇದ್ದೇವೆ.

ಇದಕ್ಕೆ ದಾರಿ ಇಲ್ವಾ? ಇದೆ. ದಿನದ ಕೋಟಾ ಬದಲು ಇಡೀ ಅವಧಿಗೆ ಒಟ್ಟು ಇಷ್ಟು ಜಿಬಿ ಅಂತ ಕೊಡೋ ಪ್ಲಾನ್‌ಗಳಿವೆ. ದಿನಾ ಒಂದೇ ಸಮ ಬಳಸದೇ ಇರೋರಿಗೆ ಅವು ಚೆನ್ನಾಗಿ ಹೊಂದುತ್ತವೆ. ವಿ ಕಂಪನಿ ಕೆಲವು ಪ್ಲಾನ್‌ಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಉಳಿದ ಡೇಟಾವನ್ನ ಶನಿವಾರ, ಭಾನುವಾರ ಬಳಸೋ ಸೌಲಭ್ಯ ತಂದಿತ್ತು. ಇನ್ನು 5ಜಿ ಫೋನ್ ಇದ್ದು, ಅನಿಯಮಿತ 5ಜಿ ಇರೋ ಪ್ಲಾನ್ ಹಾಕಿಸಿಕೊಂಡಿದ್ರೆ, 5ಜಿ ಸಿಗೋ ಜಾಗದಲ್ಲಿ ದಿನದ ಕೋಟಾಗೆ ಕತ್ತರಿ ಬೀಳಲ್ಲ. ಆದ್ರೆ ಫೋನ್ 4ಜಿಗೆ ಇಳಿದ ಕೂಡಲೇ ಮೀಟರ್ ಓಡೋಕೆ ಶುರು. ಬಸ್ಸಲ್ಲಿ ಊರಿಗೆ ಹೋಗುವಾಗ ಡೇಟಾ ಬೇಗ ಖಾಲಿಯಾಗೋದಕ್ಕೆ ಇದೂ ಒಂದು ಕಾರಣ.

ಹೆಚ್ಚುವರಿ ಡೇಟಾ ವೋಚರ್ ಕೊಳ್ಳುವಾಗ ಒಂದು ಸಾಲು ತಪ್ಪದೇ ಓದಿ. ಕೆಲವು ವೋಚರ್‌ಗಳ ಅವಧಿ ನಿಮ್ಮ ಮೂಲ ಪ್ಲಾನ್ ಇರೋವರೆಗೆ. ಕೆಲವಕ್ಕೆ ತಮ್ಮದೇ ಅವಧಿ, ಒಂದು ದಿನವೂ ಇರಬಹುದು. ಮೂಲ ಪ್ಲಾನ್ ನಾಳೆ ಮುಗಿಯೋದಿದ್ದು, ಇವತ್ತು ರಾತ್ರಿ ಮೊದಲ ಬಗೆಯ ವೋಚರ್ ಹಾಕಿಸಿದ್ರೆ ಎಷ್ಟು ಜಿಬಿ ಇದ್ದರೇನು, ನಾಳೆಗೆ ಅದೂ ಹೋಯ್ತು.

28 ದಿನ ಅನ್ನೋ ‘ತಿಂಗಳು’

ವರ್ಷಕ್ಕೆ 12 ತಿಂಗಳು. 28 ದಿನದ ಪ್ಯಾಕ್ ಆದ್ರೆ ವರ್ಷಕ್ಕೆ ಎಷ್ಟು ಸಲ ಹಾಕಿಸಬೇಕು? 28ನ್ನ 13ರಿಂದ ಗುಣಿಸಿದ್ರೆ 364. ಅಂದ್ರೆ 13 ಸಲ. ಸಂಬಳ ಬರೋದು 12 ಸಲ, ರೀಚಾರ್ಜ್ 13 ಸಲ. ಇದರ ಬಗ್ಗೆ ಗ್ರಾಹಕರಿಂದ ದೂರುಗಳು ಬಂದ ಮೇಲೆ ಟ್ರಾಯ್ 2022ರ ಜನವರಿಯಲ್ಲಿ ಒಂದು ಆದೇಶ ತಂತು. ಪ್ರತಿ ಕಂಪನಿಯೂ 30 ದಿನದ ಅವಧಿ ಇರೋ ಪ್ಯಾಕ್‌ಗಳನ್ನ ಕೊಡಲೇಬೇಕು, ಜೊತೆಗೆ ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸೋ ಪ್ಯಾಕ್‌ಗಳೂ ಇರಲೇಬೇಕು ಅಂತ. ಅಂದ್ರೆ ಇವತ್ತು 5ನೇ ತಾರೀಕು ಹಾಕಿಸಿದ್ರೆ ಮುಂದಿನ ತಿಂಗಳು ಕೂಡ 5ನೇ ತಾರೀಕೇ.

28 ದಿನದ ಪ್ಯಾಕ್ ನಿಷೇಧ ಆಗಿಲ್ಲ, ಅದು ಈಗಲೂ ಇದೆ. 30 ದಿನದ್ದೂ ಇದೆ. ಆದ್ರೆ ಆ್ಯಪ್ ತೆಗೆದ ಕೂಡಲೇ ಕಣ್ಣಿಗೆ ಬೀಳೋದು ಯಾವುದು ಅನ್ನೋದು ಬೇರೆ ಮಾತು. ಹೋಲಿಸೋಕೆ ಸುಲಭದ ದಾರಿ: ಪ್ಯಾಕ್ ಬೆಲೆಯನ್ನ ದಿನಗಳಿಂದ ಭಾಗಿಸಿ. ದಿನಕ್ಕೆ ಎಷ್ಟು ಅಂತ ಗೊತ್ತಾದ್ರೆ ಯಾವುದು ಅಗ್ಗ ಅನ್ನೋದು ತಾನಾಗೇ ಕಾಣುತ್ತೆ.

ಅವಧಿ ಮುಗಿಯೋದಾದ್ರೂ ಯಾಕೆ?

‘ನಾನು ದುಡ್ಡು ಕೊಟ್ಟಿದ್ದೀನಿ, ಬಳಸಿಲ್ಲ, ಹಾಗಾದ್ರೆ ಅದು ನಂದೇ ಅಲ್ವಾ?’ ನ್ಯಾಯವಾದ ಪ್ರಶ್ನೆ. ಕಂಪನಿಗಳ ಕಡೆಯ ವಾದವನ್ನ ಮೊದಲು ಕೇಳೋಣ.

ಡೇಟಾ ಅನ್ನೋದು ಗೋದಾಮಿನಲ್ಲಿ ಕೂಡಿಡೋ ಅಕ್ಕಿಯಲ್ಲ. ಒಂದು ಟವರ್‌ಗೆ ಈ ಕ್ಷಣದಲ್ಲಿ ಇಷ್ಟೇ ಸಾಮರ್ಥ್ಯ ಅಂತ ಇರುತ್ತೆ. ರಾತ್ರಿ ಮೂರು ಗಂಟೆಗೆ ಖಾಲಿ ಉಳಿದ ಸಾಮರ್ಥ್ಯವನ್ನ ಸಂಜೆ ಎಂಟು ಗಂಟೆಗೆ ತಂದು ಕೊಡೋಕೆ ಬರಲ್ಲ. ಖಾಲಿ ಸೀಟಿಟ್ಟುಕೊಂಡು ಹೊರಟ ಬಸ್ಸಿನ ಹಾಗೆ. ಎಲ್ಲರೂ ಡೇಟಾ ಕೂಡಿಟ್ಟು ಒಂದೇ ದಿನ ಬಳಸೋಕೆ ಬಂದ್ರೆ ನೆಟ್‌ವರ್ಕ್ ತಡೆಯಲ್ಲ ಅನ್ನೋದು ಅವರ ಮಾತು. ಟವರ್, ತರಂಗಾಂತರ, ಕರೆಂಟು, ಸಿಬ್ಬಂದಿಗೆ ಆಗೋ ಖರ್ಚು ನೀವು ಬಳಸಿದ್ರೂ ಬಳಸದಿದ್ರೂ ನಡೀತಾನೇ ಇರುತ್ತೆ ಅನ್ನೋದು ಎರಡನೇ ಮಾತು.

ಇದರಲ್ಲಿ ಸತ್ಯ ಇದೆ, ಆದ್ರೆ ಪೂರ್ತಿ ಅಲ್ಲ. ಅರ್ಧ ಜಿಬಿಯನ್ನ ಇವತ್ತಿಂದ ನಾಳೆಗೆ ದಾಟಿಸಿದ ಮಾತ್ರಕ್ಕೆ ಟವರ್ ಬೀಳಲ್ಲ. ದಕ್ಷಿಣ ಆಫ್ರಿಕಾವನ್ನೇ ನೋಡಿ. ಡೇಟಾ ದುಬಾರಿ, ಉಳಿದದ್ದು ಮಾಯವಾಗುತ್ತೆ ಅಂತ ಅಲ್ಲಿನ ಯುವಜನ 2016ರಲ್ಲಿ ‘ಡೇಟಾ ಮಸ್ಟ್ ಫಾಲ್’ ಅನ್ನೋ ಹ್ಯಾಷ್‌ಟ್ಯಾಗ್ ಇಟ್ಕೊಂಡು ದೊಡ್ಡ ಚಳವಳಿ ಮಾಡಿದ್ರು. 2019ರ ಫೆಬ್ರುವರಿ ಕೊನೆಯಿಂದ ಅಲ್ಲಿ ಹೊಸ ನಿಯಮ ಜಾರಿಗೆ ಬಂತು. ಉಳಿದ ಡೇಟಾವನ್ನ ಮುಂದಕ್ಕೆ ಒಯ್ಯೋ ಅವಕಾಶ, ಅದೇ ಕಂಪನಿಯ ಇನ್ನೊಬ್ಬ ಗ್ರಾಹಕರಿಗೆ ದಾಟಿಸೋ ಅವಕಾಶ, ಎರಡನ್ನೂ ಕಂಪನಿಗಳು ಕೊಡಲೇಬೇಕಾಯ್ತು. ಅಲ್ಲೂ ಟವರ್‌ಗಳಿವೆ, ಅಲ್ಲೂ ಸಂಜೆ ಎಂಟು ಗಂಟೆ ಆಗುತ್ತೆ.

ನಮ್ಮಲ್ಲೇ ಬೇರೆ ಒಂದು ಹೋಲಿಕೆ ಇದೆ. ಮೊಬೈಲ್ ವಾಲೆಟ್, ಅಂಗಡಿ ಅಂಗಡಿಯಲ್ಲಿ ನಡೆಯೋ ಪ್ರೀಪೇಯ್ಡ್ ಕಾರ್ಡ್ ಇವಕ್ಕೆಲ್ಲ ರಿಸರ್ವ್ ಬ್ಯಾಂಕ್‌ನ ನಿಯಮ ಇದೆ. ಕೊನೆಯ ಸಲ ದುಡ್ಡು ತುಂಬಿದ ದಿನದಿಂದ ಕನಿಷ್ಠ ಒಂದು ವರ್ಷ ಅವಧಿ ಇರಬೇಕು. ಅವಧಿ ಮುಗಿಯೋ ಮುಂಚಿನ 45 ದಿನಗಳಲ್ಲಿ ಗ್ರಾಹಕರಿಗೆ ಎಚ್ಚರಿಕೆ ಕೊಡಬೇಕು. ಅವಧಿ ಮುಗಿದ ಮೇಲೂ ಉಳಿದ ದುಡ್ಡನ್ನ ಕಂಪನಿ ಕನಿಷ್ಠ ಮೂರು ವರ್ಷ ತನ್ನ ಲಾಭದ ಲೆಕ್ಕಕ್ಕೆ ಸೇರಿಸ್ಕೊಳ್ಳುವಂತಿಲ್ಲ. ಗ್ರಾಹಕರು ಬಂದು ಕೇಳಿದ್ರೆ ಬ್ಯಾಂಕ್ ಖಾತೆಗೆ ವಾಪಸ್ ಕೊಡಬೇಕು.

ವ್ಯತ್ಯಾಸ ಗಮನಿಸಿದ್ರಾ? ವಾಲೆಟ್‌ನಲ್ಲಿರೋದನ್ನ ಕಾನೂನು ನಿಮ್ಮ ದುಡ್ಡು ಅಂತ ನೋಡುತ್ತೆ. ಪ್ಯಾಕ್‌ನಲ್ಲಿರೋದನ್ನ ನೀವು ಕೊಂಡ ಸೇವೆ ಅಂತ ನೋಡುತ್ತೆ. ಕೊಟ್ಟಿದ್ದು ಅದೇ ಜೇಬಿನಿಂದ ಅದೇ ರೂಪಾಯಿ, ಆದ್ರೆ ಹೆಸರು ಬದಲಾದ ಕೂಡಲೇ ರಕ್ಷಣೆಯೂ ಬದಲಾಗುತ್ತೆ. ಒಂದೇ ಅಂಗಡಿ ಕೊಟ್ಟು, ಅದೇ ಅಂಗಡಿಯಲ್ಲಿ ಮಾತ್ರ ನಡೆಯೋ ಕಾರ್ಡ್‌ಗಳಿಗೂ ರಿಸರ್ವ್ ಬ್ಯಾಂಕ್‌ನ ಈ ನಿಯಮ ಅನ್ವಯ ಆಗಲ್ಲ. ಹುಟ್ಟುಹಬ್ಬಕ್ಕೆ ಸಿಕ್ಕ ಅಂಥ ಗಿಫ್ಟ್ ಕಾರ್ಡ್ ಇದ್ರೆ ಹಿಂದಿರೋ ತಾರೀಕು ನೋಡಿ, ಬೇಗ ಬಳಸಿ.

‘ಲೈಫ್‌ಟೈಮ್’ ಎಲ್ಲಿ ಹೋಯ್ತು?

ನಿಮ್ಮ ಅಪ್ಪ ಅಮ್ಮನನ್ನ ಕೇಳಿ, ‘ಲೈಫ್‌ಟೈಮ್ ಸಿಮ್’ ಅಂದ್ರೆ ನೆನಪಿರುತ್ತೆ. 2005ರ ಕೊನೆಯ ಹೊತ್ತಿಗೆ ಕಂಪನಿಗಳು ಒಂದು ಸಲ ದುಡ್ಡು ಕಟ್ಟಿದ್ರೆ ಜೀವನಪೂರ್ತಿ ಇನ್‌ಕಮಿಂಗ್ ಅಂತ ಮಾರಿದ್ವು. ಮಿಸ್ಡ್ ಕಾಲ್ ಕೊಟ್ಟು ಬದುಕಿದ ಕಾಲ ಅದು. ಬ್ಯಾಲೆನ್ಸ್ ಇಲ್ಲದಿದ್ರೂ ಫೋನ್ ರಿಂಗ್ ಆಗ್ತಿತ್ತು.

ಕಂಪನಿಗಳಿಗೆ ಇದು ಹೇಗೆ ಗಿಟ್ಟುತ್ತಿತ್ತು? 2003ರ ಮೇ ತಿಂಗಳಿಂದ ನಮ್ಮಲ್ಲಿ ಕರೆ ಮಾಡಿದವರು ಮಾತ್ರ ದುಡ್ಡು ಕೊಡೋ ಪದ್ಧತಿ ಬಂತು. ಒಂದು ಕಂಪನಿಯ ಗ್ರಾಹಕರು ಇನ್ನೊಂದು ಕಂಪನಿಯ ನಂಬರ್‌ಗೆ ಕರೆ ಮಾಡಿದ್ರೆ, ಕರೆ ಹೊರಟ ಕಂಪನಿ ಕರೆ ತಲುಪಿದ ಕಂಪನಿಗೆ ನಿಮಿಷಕ್ಕೆ ಇಷ್ಟು ಪೈಸೆ ಅಂತ ಕೊಡಬೇಕಿತ್ತು. ಅಂದ್ರೆ ನೀವು ರೀಚಾರ್ಜ್ ಮಾಡದೇ ಬರೀ ಕರೆ ತಗೊಳ್ತಾ ಇದ್ರೂ ನಿಮ್ಮಿಂದ ನಿಮ್ಮ ಕಂಪನಿಗೆ ಆದಾಯ ಇತ್ತು. ಆ ಶುಲ್ಕ 2017ರ ಅಕ್ಟೋಬರ್‌ನಲ್ಲಿ 14 ಪೈಸೆಯಿಂದ 6 ಪೈಸೆಗೆ ಇಳೀತು. 2021ರ ಜನವರಿ 1ರಿಂದ ಸೊನ್ನೆ.

ಈ ನಡುವೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಕರೆಗೆ ಬೇರೆ ದುಡ್ಡು ಅನ್ನೋದೇ ಹೋಯ್ತು. ಬರೀ ಇನ್‌ಕಮಿಂಗ್‌ಗಾಗಿ ಇಟ್ಕೊಂಡ ಸಿಮ್‌ನಿಂದ ಕಂಪನಿಗೆ ಬರೋ ಆದಾಯ ಒಣಗ್ತಾ ಹೋಯ್ತು. 2018ರ ಕೊನೆಯಲ್ಲಿ ಏರ್‌ಟೆಲ್, ವೊಡಾಫೋನ್ ಐಡಿಯಾ 28 ದಿನಕ್ಕೆ 35 ರೂಪಾಯಿಯ ಕನಿಷ್ಠ ರೀಚಾರ್ಜ್ ತಂದ್ವು. ಹಾಕಿಸದಿದ್ರೆ ಮೊದಲು ಔಟ್‌ಗೋಯಿಂಗ್ ಬಂದ್, ಆಮೇಲೆ ಇನ್‌ಕಮಿಂಗ್ ಬಂದ್. ಆಮೇಲೆ 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ ಹೀಗೆ ದರಗಳು ಏರ್ತಾ ಬಂದ್ವು. ನಂಬರ್ ಇಟ್ಕೊಳ್ಳೋದೇ ಒಂದು ಖರ್ಚಾಯ್ತು.

ಅಜ್ಜಿಯ ಸಿಮ್

ಈಗ ಮುಖ್ಯ ವಿಷಯಕ್ಕೆ ಬರೋಣ. ಹಳ್ಳಿಯಲ್ಲಿರೋ ಅಜ್ಜಿ ಹತ್ರ ಕೀಪ್ಯಾಡ್ ಫೋನ್ ಇದೆ. ಅವರಿಗೆ ಡೇಟಾ ಬೇಡ. ಮಗಳು ಫೋನ್ ಮಾಡಬೇಕು, ಪಿಂಚಣಿ ಜಮಾ ಆದ್ರೆ ಬ್ಯಾಂಕಿನ ಮೆಸೇಜ್ ಬರಬೇಕು, ಅಷ್ಟೇ. ಆ ನಂಬರ್ ಬ್ಯಾಂಕ್ ಖಾತೆಗೆ, ಆಧಾರ್‌ಗೆ ಜೋಡಣೆಯಾಗಿದೆ. ಎರಡು ತಿಂಗಳಿಂದ ರೀಚಾರ್ಜ್ ಆಗಿಲ್ಲ. ಏನಾಗುತ್ತೆ?

ನಿಯಮ ಹೀಗಿದೆ. ಇದು 2013ರ ಮಾರ್ಚ್‌ನಿಂದ ಜಾರಿಯಲ್ಲಿದೆ. 90 ದಿನ ಸತತವಾಗಿ ಯಾವ ಬಳಕೆಯೂ ಇಲ್ಲದಿದ್ರೆ ಮಾತ್ರ ಪ್ರೀಪೇಯ್ಡ್ ನಂಬರ್ ರದ್ದು ಮಾಡಬಹುದು. ಬಳಕೆ ಅಂದ್ರೆ ಹೋಗೋ ಅಥವಾ ಬರೋ ಕರೆ, ಕಳಿಸಿದ ಎಸ್‌ಎಂಎಸ್, ಡೇಟಾ ಇತ್ಯಾದಿ. ಬಂದ ಎಸ್‌ಎಂಎಸ್ ಲೆಕ್ಕಕ್ಕಿಲ್ಲ ಅನ್ನೋದನ್ನ ಗಮನಿಸಿ. ಬ್ಯಾಂಕಿನ ಮೆಸೇಜ್ ಬರ್ತಾ ಇದೆ, ನಂಬರ್ ಜೀವಂತ ಇದೆ ಅಂತ ನೆಮ್ಮದಿಯಿಂದ ಇರೋ ಹಾಗಿಲ್ಲ.

90 ದಿನ ಬಳಕೆ ಇಲ್ಲದಿದ್ರೂ ಮುಖ್ಯ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಅಥವಾ ಹೆಚ್ಚು ಇದ್ರೆ ನಂಬರ್ ರದ್ದು ಮಾಡುವಂತಿಲ್ಲ. 20 ರೂಪಾಯಿವರೆಗೆ ಕಡಿತ ಮಾಡಿ 30 ದಿನ ವಿಸ್ತರಿಸಬೇಕು. ಬ್ಯಾಲೆನ್ಸ್ 20ಕ್ಕಿಂತ ಕೆಳಗೆ ಇಳಿಯೋವರೆಗೂ ಹೀಗೇ. 60 ರೂಪಾಯಿ ಇದ್ರೆ ಇನ್ನೂ 90 ದಿನ ನಂಬರ್ ಉಳೀತು. ಅದೂ ಮುಗಿದು ನಂಬರ್ ರದ್ದಾದ್ರೆ, ಅದನ್ನ ಮತ್ತೆ ಜೀವಂತ ಮಾಡ್ಕೊಳ್ಳೋಕೆ 15 ದಿನಗಳ ಅವಕಾಶ ಇದೆ.

ನೆನಪಿಡಿ, 60 ರೂಪಾಯಿ ಇರಬೇಕಾದ್ದು ಮೊದಲ ಡಬ್ಬಿಯಲ್ಲಿ. ಅದಕ್ಕೆ 60 ರೂಪಾಯಿ ಟಾಪ್‌ಅಪ್ ಸಾಲಲ್ಲ, ತೆರಿಗೆ ಮತ್ತು ಶುಲ್ಕ ಕಳೆದು ಲೆಕ್ಕ ಹಾಕಬೇಕು. ಇನ್ನೊಂದು ಮಾತು: ನಂಬರ್ ಉಳಿಯೋದು ಬೇರೆ, ಸೇವೆ ನಡೆಯೋದು ಬೇರೆ. 20 ರೂಪಾಯಿಯಿಂದ ನಂಬರ್ ನಿಮ್ಮ ಹೆಸರಲ್ಲೇ ಉಳಿಯುತ್ತೆ, ಆದ್ರೆ ಪ್ಯಾಕ್ ಇಲ್ಲದಿದ್ರೆ ಮಗಳ ಕರೆಯಾಗಲೀ ಒಟಿಪಿಯಾಗಲೀ ಬರದೇ ಇರಬಹುದು.

ರದ್ದಾದ ನಂಬರ್ ಏನಾಗುತ್ತೆ? ಸ್ವಲ್ಪ ಕಾಲ ಸುಮ್ಮನಿದ್ದು ಇನ್ನೊಬ್ಬರಿಗೆ ಹೋಗುತ್ತೆ. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಈ ವಿಷಯ ಬಂದಾಗ, ರದ್ದಾದ ನಂಬರನ್ನ ಕನಿಷ್ಠ 90 ದಿನ ಹೊಸಬರಿಗೆ ಕೊಡಲ್ಲ ಅಂತ ಟ್ರಾಯ್ ತಿಳಿಸಿತ್ತು. 90 ದಿನ ಆದ ಮೇಲೆ? ಅಜ್ಜಿಯ ನಂಬರ್ ಯಾವುದೋ ಊರಿನ ಯಾರೋ ಹುಡುಗನ ಕೈಯಲ್ಲಿ. ಅಜ್ಜಿಯ ಬ್ಯಾಂಕ್ ಮೆಸೇಜ್, ಒಟಿಪಿ ಎಲ್ಲ ಅವನ ಫೋನ್‌ಗೆ. ಅವನು ಒಳ್ಳೆಯವನೇ ಇರಬಹುದು, ಆದ್ರೆ ಅಜ್ಜಿಯ ಖಾತೆ ಅವನ ಒಳ್ಳೆತನದ ಮೇಲೆ ನಿಲ್ಲಬೇಕಾ?

ಈ ಅಪಾಯ ಅಧಿಕಾರಿಗಳಿಗೂ ಗೊತ್ತಿದೆ. ಯುಪಿಐ ನಡೆಸೋ ಎನ್‌ಪಿಸಿಐ, ರದ್ದಾದ ಮತ್ತು ಮರುಹಂಚಿಕೆಯಾದ ನಂಬರ್‌ಗಳ ಪಟ್ಟಿ ನೋಡಿ ಕನಿಷ್ಠ ವಾರಕ್ಕೊಮ್ಮೆ ತಮ್ಮ ದಾಖಲೆ ಸರಿಪಡಿಸಬೇಕು ಅಂತ ಬ್ಯಾಂಕ್‌ಗಳಿಗೆ, ಆ್ಯಪ್‌ಗಳಿಗೆ 2025ರ ಮಾರ್ಚ್ ಕೊನೆಯ ಗಡುವು ಕೊಟ್ಟಿತ್ತು. ಆದ್ರೆ ನಂಬರ್ ಬಿಡೋ ಮುಂಚೆ ಬ್ಯಾಂಕ್, ಆಧಾರ್, ವಾಟ್ಸ್‌ಆ್ಯಪ್‌ನಿಂದ ಅದನ್ನ ಬದಲಾಯಿಸೋ ಕೆಲಸ ನಮ್ಮದೇ.

ಅಜ್ಜಿಗೆ ಒಂದು ಒಳ್ಳೆ ಸುದ್ದಿಯೂ ಇದೆ. 2024ರ ಡಿಸೆಂಬರ್ 23ರಂದು ಟ್ರಾಯ್ ನಿಯಮ ತಿದ್ದಿತು. ಡೇಟಾ ಬೇಡದವರಿಗಾಗಿ ಬರೀ ಕರೆ ಮತ್ತು ಎಸ್‌ಎಂಎಸ್ ಇರೋ ಕನಿಷ್ಠ ಒಂದು ವೋಚರ್ ಎಲ್ಲ ಕಂಪನಿಗಳೂ ಕೊಡಬೇಕು. ವಿಶೇಷ ವೋಚರ್‌ಗಳ ಗರಿಷ್ಠ ಅವಧಿಯನ್ನೂ 90 ದಿನದಿಂದ 365 ದಿನಕ್ಕೆ ಏರಿಸಿತು. ಬಳಸದ ಡೇಟಾಗೆ ಅಜ್ಜಿ ದುಡ್ಡು ಕೊಡೋ ಅಗತ್ಯ ಇಲ್ಲ. ಆದ್ರೆ ಈ ಪ್ಯಾಕ್‌ಗಳು ಆ್ಯಪ್‌ನ ಮೊದಲ ಪುಟದಲ್ಲಿ ಸಿಗೋದು ಅಪರೂಪ. ಅಂಗಡಿಯಲ್ಲಿ ‘ಬರೀ ಕಾಲ್ ಪ್ಯಾಕ್ ಕೊಡಿ’ ಅಂತ ಬಾಯಿಬಿಟ್ಟು ಕೇಳಬೇಕು.

ಇವತ್ತೇ ಮಾಡಬಹುದಾದ ಕೆಲಸಗಳು

ಒಂದು, ಕಂಪನಿಯ ಆ್ಯಪ್ ತೆಗೆದು ಮೂರೂ ಡಬ್ಬಿ ನೋಡಿ. ಬ್ಯಾಲೆನ್ಸ್ ಎಷ್ಟು, ದಿನದ ಡೇಟಾ ಎಷ್ಟು ಉಳೀತಿದೆ, ವ್ಯಾಲಿಡಿಟಿ ಯಾವತ್ತಿನವರೆಗೆ. ಒಂದು ವಾರ ರಾತ್ರಿ ಹನ್ನೊಂದೂವರೆಗೆ ಉಳಿದ ಡೇಟಾ ಬರೆದಿಟ್ಕೊಳ್ಳಿ. ದಿನಾ ಅರ್ಧ ಉಳೀತಿದ್ರೆ ನಿಮ್ಮ ಪ್ಲಾನ್ ನಿಮಗೆ ದೊಡ್ಡದು.

ಎರಡು, ಪ್ಲಾನ್ ಇನ್ನೂ ಇರುವಾಗಲೇ ಹೊಸದು ಹಾಕಿಸ್ತಿದ್ರೆ, ಅದು ಸರದಿಯಲ್ಲಿ ನಿಂತು ಹಳೇದು ಮುಗಿದ ಮೇಲೆ ಶುರುವಾಗುತ್ತಾ, ಈಗಲೇ ಶುರುವಾಗುತ್ತಾ ಅಂತ ಓದಿ ಆಮೇಲೆ ಒತ್ತಿ.

ಮೂರು, ಬೇರೆ ಕಂಪನಿಗೆ ಪೋರ್ಟ್ ಆಗೋ ಯೋಚನೆ ಇದ್ರೆ ಮೊದಲು ಬ್ಯಾಲೆನ್ಸ್ ಮತ್ತು ಪ್ಯಾಕ್ ಬಳಸಿ ಮುಗಿಸಿ. ನಂಬರ್ ಮಾತ್ರ ನಿಮ್ಮ ಜೊತೆ ಬರುತ್ತೆ, ಉಳಿದ ಬ್ಯಾಲೆನ್ಸ್, ಉಳಿದ ದಿನಗಳು ಹಳೇ ಕಂಪನಿಯಲ್ಲೇ ಹೋಗ್ತವೆ. ನಿಮ್ಮ ಪ್ಯಾಕ್‌ನಲ್ಲಿ ಎಸ್‌ಎಂಎಸ್ ಇಲ್ಲದಿದ್ರೂ 1900ಕ್ಕೆ ಪೋರ್ಟ್ ಎಸ್‌ಎಂಎಸ್ ಕಳಿಸೋಕೆ ಬಿಡಲೇಬೇಕು ಅಂತ 2021ರ ಡಿಸೆಂಬರ್‌ನಲ್ಲೇ ಟ್ರಾಯ್ ನಿರ್ದೇಶನ ಕೊಟ್ಟಿದೆ.

ನಾಲ್ಕು, ದುಡ್ಡು ಎಲ್ಲಿ ಹೋಯ್ತು ಅಂತ ಅನುಮಾನ ಇದ್ರೆ ಬರೀ ಬೈಕೊಂಡು ಸುಮ್ಮನಾಗಬೇಡಿ. ಪ್ರೀಪೇಯ್ಡ್ ಗ್ರಾಹಕರೂ ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರವಾದ ಪಟ್ಟಿ ಕೇಳಬಹುದು. ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತಗೊಳ್ಳುವಂತಿಲ್ಲ. ದೂರು ಕೊಡೋಕೆ 198ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದಿಟ್ಕೊಳ್ಳಿ. ಸಮಾಧಾನ ಆಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬಹುದು. ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ದೂರಸಂಪರ್ಕ ಸೇವೆಯ ದೂರುಗಳನ್ನ ಅಲ್ಲಿಗೂ ಒಯ್ಯಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಐದನೇದು ಬೇರೆಯವರಿಗಾಗಿ. ಈ ಸಂಚಿಕೆ ಕೇಳ್ತಿರೋ ನಿಮಗೆ ಆ್ಯಪ್ ತೆರೆಯೋಕೆ ಬರುತ್ತೆ, ಸಣ್ಣ ಅಕ್ಷರದ ಷರತ್ತು ಓದೋಕೆ ಬರುತ್ತೆ. ಮನೆಯಲ್ಲಿ ಅದು ಬಾರದವರು ಒಬ್ಬರಾದ್ರೂ ಇರ್ತಾರೆ. ಅವರ ಸಿಮ್ ಯಾವ ತಾರೀಕಿಗೆ ಮುಗಿಯುತ್ತೆ ಅಂತ ನೋಡಿ, ನಿಮ್ಮ ಫೋನ್‌ನಲ್ಲಿ ಅದಕ್ಕಿಂತ ಒಂದು ವಾರ ಮೊದಲು ರಿಮೈಂಡರ್ ಹಾಕಿ. ಐದು ನಿಮಿಷದ ಕೆಲಸ. ಒಂದು ನಂಬರ್, ಅದರ ಹಿಂದಿರೋ ಒಂದು ಬ್ಯಾಂಕ್ ಖಾತೆ ಎರಡೂ ಉಳೀತವೆ.

ನಿಮ್ಮ ಪ್ಯಾಕ್‌ನಲ್ಲಿ ಅರ್ಥವಾಗದ ಷರತ್ತು ಏನಾದ್ರೂ ಇದ್ರೆ ನಮಗೆ ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಬಿಡಿಸಿ ಹೇಳೋಣ.